ಪುರುಷೋತ್ತಮನ್ನ ರದ್ದಿಗೆ ಹಾಕ್ಬೇಡಿ

(1/7)
ಮೊದಲನೇ ಫೋಟೊದಲ್ಲಿರೋ ಪುಸ್ತಕಕ್ಕೆ ರಟ್ಟಿಲ್ಲ. ಹೆಸರಿಲ್ಲ. ಬರೆದವರು ಯಾರು, ಅಚ್ಚು ಹಾಕಿದವರು ಯಾರು ಅಂತ ಹೇಳೋ ಪುಟವೂ ಇಲ್ಲ. 17ನೇ ಪುಟದಿಂದ ಶುರುವಾಗಿ 96ಕ್ಕೆ ನಿಂತುಹೋಗುತ್ತೆ. ಕೊನೇ ಒಂದು ಫಾರಂ ಕಳಚಿಹೋಗಿದೆ. ಹದಿನಾರು ಪುಟದ ಕಟ್ಟಿಗೆ ಪ್ರೆಸ್ಸಿನವರು ಫಾರಂ ಅಂತಾರಲ್ಲ, ಅದು. ಪತ್ತೇದಾರಿ ಕಾದಂಬರಿಯಲ್ಲಿ ಬೇರೆ ಯಾವ ಪುಟ ಹೋದರೂ ತಡ್ಕೋಬಹುದು, ಕೊನೇ ಹದಿನಾರು ಪುಟ ಹೋದರೆ ಹೇಗೆ ಹೇಳಿ?

ಕೊಳ್ಳೇಗಾಲದ ನಮ್ಮ ಹಳೇ ಮನೆಯ ಅಟ್ಟ ಖಾಲಿ ಮಾಡುವಾಗ ಗೋಣಿಚೀಲದಲ್ಲಿ ಸಿಕ್ಕಿದ್ದು ಇದು. ಅಪ್ಪನ ಕೈಗೆ ಕೊಟ್ಟೆ. ಎರಡು ಪುಟ ತಿರುವಿ, "ನರಸಿಂಹಯ್ಯನೋರ್ದೇ ಕನ ಇದು" ಅಂದರು. ಅಮ್ಮ ಒಳಗಿಂದಲೇ, "ಏನೂ ಅಲ್ಲ ಬುಡಿ, ನಿಮಗೆ ಎಲ್ಲಾ ಪುಸ್ತಕನೂ ನರಸಿಂಹಯ್ಯನೋರ್ದೇ" ಅಂದರು. ಜಗಳ ಇನ್ನೂ ತೀರ್ಮಾನ ಆಗಿಲ್ಲ.

ಈ ಸರಣಿಯಲ್ಲಿ ಇಷ್ಟು ದಿನ ನಮ್ಮ ಕಡೆಯ ಕೆರೆ, ಬೆಟ್ಟ, ಜಾತ್ರೆ ಅಂತ ಬರೀತಿದ್ದೆ. ಈ ಸಲ ಒಬ್ಬ ಬರಹಗಾರರ ಬಗ್ಗೆ. ಅವರು ನಮ್ಮ ತಾಲ್ಲೂಕಿನವರಲ್ಲ. ಆದರೆ ನಮ್ಮ ಮನೆಯಲ್ಲಿ ಅವರಷ್ಟು ಓದಿಸಿಕೊಂಡವರು ಇನ್ನೊಬ್ಬರಿಲ್ಲ. ನಿಮ್ಮ ಮನೆಯಲ್ಲೂ ಹಾಗೇ ಇರಬಹುದು, ಒಂದ್ಸಲ ದೊಡ್ಡೋರನ್ನ ಕೇಳಿ ನೋಡಿ.

(2/7)
ಎನ್. ನರಸಿಂಹಯ್ಯ. 1925ರಲ್ಲಿ ಚಿಕ್ಕಮಗಳೂರಿನಲ್ಲಿ ಹುಟ್ಟಿದವರು, 2011ರಲ್ಲಿ ತೀರಿಕೊಂಡರು. ಓದಿದ್ದು ನಾಲ್ಕನೇ ತರಗತಿವರೆಗೆ. ಬಡತನ. ಹೊಟ್ಟೆಪಾಡಿಗೆ ಸಿಕ್ಕ ಸಣ್ಣಪುಟ್ಟ ಕೆಲಸ ಮಾಡಿಕೊಂಡೇ ಬರೆಯೋಕೆ ಕೂತವರು. 1950ರ ದಶಕದ ಶುರುವಿನಲ್ಲಿ 'ಪತ್ತೇದಾರ ಪುರುಷೋತ್ತಮ' ಬಂತು. ಅಲ್ಲಿಂದ ಮುಂದೆ ಐನೂರು ದಾಟಿತು ಅವರ ಕಾದಂಬರಿಗಳ ಲೆಕ್ಕ.

ಐನೂರು ಅನ್ನೋದನ್ನ ಸುಮ್ಮನೆ ಓದಿಕೊಂಡು ಮುಂದಕ್ಕೆ ಹೋಗ್ಬೇಡಿ, ಒಸಿ ನಿಂತು ಲೆಕ್ಕ ಹಾಕಿ. ವರ್ಷಕ್ಕೆ ಹತ್ತು ಅಂದ್ಕೊಂಡರೂ ಐವತ್ತು ವರ್ಷ ಬೇಕು. ಅಂದರೆ ಸುಮಾರು ಐದು ವಾರಕ್ಕೊಂದು ಕಾದಂಬರಿ. ಕೈಯಲ್ಲೇ ಬರೆಯೋದು, ತಿದ್ದೋದು, ಪ್ರಕಾಶಕರಿಗೆ ಮುಟ್ಟಿಸೋದು, ಮತ್ತೆ ಮಾರನೇ ದಿನ ಇನ್ನೊಂದರ ಮೊದಲನೇ ಅಧ್ಯಾಯ. ಹಬ್ಬ, ಜ್ವರ, ಮನೇಲಿ ಸಾವು ನೋವು ಎಲ್ಲಾ ಇದರ ನಡುವೆಯೇ. ಮಗ್ಗದ ಮನೆಯಲ್ಲಿ ಬೆಳೆದವಳಾಗಿ ನನಗೆ ಇದು ಚೆನ್ನಾಗಿ ಅರ್ಥವಾಗುತ್ತೆ. ಸೀರೆ ಇಳಿಸಿದರೆ ದುಡ್ಡು, ಇಲ್ಲಾಂದ್ರೆ ಇಲ್ಲ. ಸ್ಫೂರ್ತಿ ಬರಲಿ ಅಂತ ಕಾಯೋಕೆ ಆಗಲ್ಲ.

ಒಂದೇ ಪಾತ್ರವನ್ನ ಹಿಡ್ಕೊಂಡು ಕೂತವರೂ ಅಲ್ಲ. ಪುರುಷೋತ್ತಮ ಆಯ್ತು, ಮಧುಸೂದನ ಬಂದ, ಅರಿಂಜಯ ಬಂದ. ಪತ್ತೇದಾರಿ ಸಾಲದು ಅಂತ ಸಾಮಾಜಿಕ ಕಾದಂಬರಿಗಳನ್ನೂ ಬರೆದರು. ಓದೋರು ಎರಡೂ ಥರ ಇದ್ದರಲ್ಲ. ನಮ್ಮನೆಯಲ್ಲೇ ಇದ್ದರು ನೋಡಿ. ಅಪ್ಪನಿಗೆ ಕೊಲೆ ಆಗಬೇಕು. ಯಳಂದೂರಿನಿಂದ ಸೊಸೆಯಾಗಿ ಬಂದ ಅಮ್ಮನಿಗೆ ತ್ರಿವೇಣಿ, ಎಂ.ಕೆ. ಇಂದಿರಾ, ಆಮೇಲೆ ಸಾಯಿಸುತೆ. "ಸತ್ತೋರ ಕತೆ ಏನು ಓದೋದು, ಬದುಕಿರೋರ ಕತೆ ಓದ್ಬೇಕು" ಅನ್ನೋದು ಅಮ್ಮನ ವಾದ.

(3/7)
ಎರಡನೇ ಫೋಟೊ ನಮ್ಮ ಮಗ್ಗದ್ದು, ಈಗ ಅದರ ಮೇಲೆ ಬಟ್ಟೆ ಒಣಗಾಕ್ತೀವಿ. 1980ರ ದಶಕದಲ್ಲಿ ಅದು ದಿನಾ ಓಡೋದು.

ಅಪ್ಪ ಓದಿದ್ದು ಮೂರನೇ ಕ್ಲಾಸು. ಸೀರೆ ನೇಯುವಾಗ ಎರಡು ಕೈ, ಎರಡು ಕಾಲು, ಎರಡು ಕಣ್ಣು ಎಲ್ಲಾ ಮಗ್ಗಕ್ಕೇ ಬೇಕು. ಹಾಗಾಗಿ ಓದೋ ಕೆಲಸ ನನಗೆ ಬಿತ್ತು. ಸ್ಕೂಲಿಂದ ಬಂದು, ಬಾಡಿಗೆ ಲೈಬ್ರರಿಯಿಂದ ದಿನಕ್ಕೆ ನಾಲ್ಕಾಣೆ ಕೊಟ್ಟು ತಂದ ಪುಸ್ತಕ ಹಿಡ್ಕೊಂಡು ಮಗ್ಗದ ಪಕ್ಕದ ಹಲಗೆ ಮೇಲೆ ಕೂತು ಗಟ್ಟಿಯಾಗಿ ಓದಬೇಕು. ಲಾಳಿಯ ಸದ್ದಿಗಿಂತ ಜೋರಾಗಿ. ಗಂಟಲು ಕಟ್ಟಿದರೆ ಅಪ್ಪ, "ಒಸಿ ನೀರು ಕುಡ್ದು ಬಾ ಕೂಸೇ" ಅನ್ನೋರು, ಸಾಕು ಬಿಡು ಅಂತ ಮಾತ್ರ ಒಂದಿನವೂ ಅಂದಿಲ್ಲ.

ಕತೆ ಬಿಗಿಯಾದಂಗೆ ಲಾಳಿ ನಿಧಾನ ಆಗೋದು. ಕೊಲೆಗಾರ ಯಾರು ಅಂತ ಗೊತ್ತಾಗೋ ಹೊತ್ತಿಗೆ ಮಗ್ಗವೇ ನಿಂತಿರೋದು. ಅಡುಗೆಮನೆಯಿಂದ ಅಮ್ಮ ಕೂಗೋರು, "ಸದ್ದೇ ಇಲ್ವಲ್ಲ, ಸೀರೆ ಯಾವಾಗ ಇಳಿಯೋದು?" ಅಂತ. ನೋಡಿದರೆ ಅಮ್ಮನೂ ಬಾಗಿಲ ಹಿಂದೆ ನಿಂತು ಕೇಳ್ತಿರೋರು.

ಹೀಗೆ ಎರಡು ಮೂರು ವರ್ಷ ನಡೀತು. ಆಮೇಲೆ ನಾನು ಪರೀಕ್ಷೆ ಅಂತ ಕೂತ್ಕೊಂಡಾಗ, ಒಂದು ರಾತ್ರಿ ಎದ್ದು ನೋಡ್ತೀನಿ, ಅಪ್ಪ ಬಲ್ಬಿನ ಕೆಳಗೆ ಬೆರಳಿಟ್ಟುಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದ್ತಾ ಇದ್ದಾರೆ. ಕೊಲೆಗಾರ ಯಾರು ಅಂತ ತಿಳ್ಕೊಳ್ಳೋಕೆ ಬೆಳಗಿನ ತನಕ ಕಾಯೋಕೆ ಆಗಿರ್ಲಿಲ್ಲ. ಮೂರನೇ ಕ್ಲಾಸಲ್ಲಿ ಬಿಟ್ಟ ಓದನ್ನ ನಲವತ್ತನೇ ವಯಸ್ಸಲ್ಲಿ ಅಪ್ಪ ಮತ್ತೆ ಹಿಡಿದದ್ದು ಹಾಗೆ. ಈಗ ಬೆಳಿಗ್ಗೆ ಪೇಪರ್ ಬರೋದು ಐದು ನಿಮಿಷ ತಡ ಆದರೆ ಬೀದಿ ಕೊನೆವರೆಗೂ ಹೋಗಿ ನಿಲ್ತಾರೆ.

ಕುವೆಂಪು ಅವರನ್ನ, ಕಾರಂತರನ್ನ ನಾನು ಕಾಲೇಜಲ್ಲಿ ಓದಿದೆ, ಈಗಲೂ ಓದ್ತೀನಿ. ಆದರೆ ಅವರ ಯಾವ ಪುಸ್ತಕವೂ ನಮ್ಮಪ್ಪನಿಗೆ ಅಕ್ಷರ ಕಲಿಸ್ತಿರಲಿಲ್ಲ. ನಾಲ್ಕನೇ ಕ್ಲಾಸು ಓದಿದವರು ಬರೆದದ್ದನ್ನ ಮೂರನೇ ಕ್ಲಾಸು ಓದಿದವರು ಓದಿದರು. ಸಣ್ಣ ವಾಕ್ಯ, ತುಂಬಾ ಮಾತುಕತೆ, ಅಧ್ಯಾಯದ ಕೊನೆಗೊಂದು ಗಂಟು. ಬೆರಳಿಟ್ಟುಕೊಂಡು ಓದೋನಿಗೂ ದಾರಿ ತಪ್ಪಲ್ಲ.

(4/7)
ಈಗ ಇನ್ನೊಂದು ಕಡೆನೂ ಹೇಳ್ಬೇಕು. ಇಲ್ಲಾಂದ್ರೆ ಕಮೆಂಟಲ್ಲಿ ನೀವೇ ಹೇಳ್ತೀರ.

ಇಂಥ ಪುಸ್ತಕಗಳಲ್ಲಿ ದೋಷ ಇಲ್ವಾ? ಬೇಕಾದಷ್ಟಿದೆ. ಆ ಕಾಲದ ಪತ್ತೇದಾರಿಗಳನ್ನ ಈಗ ತಿರುಗಿ ಓದಿದರೆ ಕೆಲವು ಕಡೆ ನಗು ಬರುತ್ತೆ, ಕೆಲವು ಕಡೆ ಕೋಪ. ಹೆಣ್ಣು ಅಂದ್ರೆ ಒಂದೋ ಅಪಾಯದಲ್ಲಿರೋಳು, ಇಲ್ಲಾ ಅಪಾಯ ತರೋಳು. ಕುರೂಪ, ಕುಂಟು, ಕಪ್ಪು ಬಣ್ಣ ಕಂಡ ತಕ್ಷಣ ಅನುಮಾನ. ಇನ್ನೊಂದು ಪುಸ್ತಕದಲ್ಲಿ ಓದಿದಂಗಿದೆಯಲ್ಲ ಅನ್ನಿಸೋ ಸನ್ನಿವೇಶಗಳು. ತಿಂಗಳಿಗೊಂದು ಬರೆಯೋರ ಎಲ್ಲರ ಕತೆನೂ ಇದೇ.

ಕೊಳ್ಳೇಗಾಲದವರಾದ ನಮಗಂತೂ ಒಂದು ಖಾಸಾ ದೂರಿದೆ. ಮೈಸೂರಿನ ಹಾಸ್ಟೆಲ್ಲಿಗೆ ಹೋದ ಮೊದಲನೇ ದಿನ ಊರು ಯಾವುದು ಅಂದ್ರು. ಕೊಳ್ಳೇಗಾಲ ಅಂದೆ. "ಅಯ್ಯೋ, ನಮಗೇನೂ ಮಾಡ್ಬೇಡ್ವೇ" ಅಂತ ಮೂರು ಜನ ಒಟ್ಟಿಗೆ ನಕ್ಕರು. ನಿಮಗೂ ಆಗಿರುತ್ತೆ. ರೇಷ್ಮೆ ಸೀರೆಗೆ ಹೆಸರಾಗಿದ್ದ ಊರನ್ನ ಮಾಟ ಮಂತ್ರದ ಊರು ಮಾಡಿದ್ದರಲ್ಲಿ ಸಿನಿಮಾ ಜೊತೆಗೆ ಅಗ್ಗದ ಕತೆ ಪುಸ್ತಕಗಳ ಪಾಲೂ ಇದೆ. ನಿಂಬೆಹಣ್ಣು, ತಾಯತ, ಅಮಾವಾಸ್ಯೆ ಬೇಕಾದ ಬರಹಗಾರನಿಗೆ ನಮ್ಮೂರ ಹೆಸರು ಸುಲಭಕ್ಕೆ ಸಿಕ್ತಿತ್ತು. ಬರೆದ ಎಷ್ಟು ಜನ ಮರಡಿಗುಡ್ಡ ಎಲ್ಲಿದೆ ಅಂತ ನೋಡಿದ್ದರೋ! ಇದನ್ನ ನಾನು ಕ್ಷಮಿಸಿಲ್ಲ.

ಕ್ಷಮಿಸಿಲ್ಲ ಅಂದ ಮಾತ್ರಕ್ಕೆ ಪುಸ್ತಕಗಳು ಹೋದರೆ ಹೋಗಲಿ ಅನ್ನೋಕೂ ಆಗಲ್ಲ. ನಮ್ಮೂರಿಗೆ ಈ ಹೆಸರು ಹೆಂಗೆ ಅಂಟಿತು, ಯಾವಾಗ ಅಂಟಿತು ಅಂತ ನಾಳೆ ಯಾರಾದ್ರೂ ಹುಡುಗ ಹುಡುಗಿ ಹುಡುಕೋಕೆ ಹೊರಟರೆ ಸಾಕ್ಷಿ ಇರೋದು ಅದೇ ಪುಸ್ತಕಗಳಲ್ಲಿ.

(5/7)
"ಎಲ್ಲಾ ಒಂದೇ ಥರ ಇರುತ್ತೆ" ಅನ್ನೋ ಆಪಾದನೆ ಇದೆಯಲ್ಲ, ಅದನ್ನ ಮಾತ್ರ ನಾನು ಒಪ್ಪಲ್ಲ. ನಮ್ಮ ಕಡೆಯವರು ಯಾರೂ ಒಪ್ಪಬಾರದು.

ಕಂಸಾಳೆಯವರು ಮಾದಪ್ಪನ ಕತೆ ಹಾಡೋದನ್ನ ಕೇಳಿದೀರಲ್ಲ? ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಜುಂಜೇಗೌಡನ ಸಾಲು. ಒಂದೊಂದು ಸಾಲೂ ಒಂದೊಂದು ಕತೆ. ಮಾದಪ್ಪ ಜಂಗಮನ ವೇಷದಲ್ಲಿ ಬರ್ತಾನೆ. ಬಾಗಿಲಲ್ಲಿ ನಿಂತವರಿಗೆ ಅವನು ಯಾರು ಅಂತ ಗೊತ್ತಾಗಲ್ಲ. ಪರೀಕ್ಷೆ ಮಾಡ್ತಾನೆ, ಬಚ್ಚಿಟ್ಟದ್ದನ್ನ ಹೊರಗೆ ತೆಗೀತಾನೆ. ಕೇಳೋ ನಮಗೆ ಮುಂದೇನಾಗುತ್ತೆ ಅಂತ ಮೊದಲೇ ಗೊತ್ತು. ಗೊತ್ತಿದ್ದೂ ಬೆಳಗಿನ ಜಾವದ ತನಕ ಕೂರ್ತೀವಿ. ಪತ್ತೇದಾರ ಮಾರುವೇಷದಲ್ಲಿ ಬಂದಾಗ ನಮ್ಮಪ್ಪ ಲಾಳಿ ನಿಲ್ಲಿಸ್ತಿದ್ದದ್ದು ಯಾಕೆ ಅಂತ ನನಗೆ ತುಂಬಾ ವರ್ಷ ಆದ್ಮೇಲೆ, ಬೆಟ್ಟದಲ್ಲಿ ಒಂದು ಶಿವರಾತ್ರಿ ಕೂತಾಗ ಹೊಳೀತು. (ದೇವರನ್ನೂ ಪತ್ತೇದಾರನ್ನೂ ಒಂದೇ ತಕ್ಕಡಿಗೆ ಹಾಕ್ತಿದೀಯಾ ಅಂತ ಅಮ್ಮ ಬೈದಾಗಿದೆ. ನೀವು ಬೇರೆ ಬೈಬೇಡಿ.)

ಹನೂರು ಕಡೆ ಇದಕ್ಕೆ ಇನ್ನೊಂದು ಮುಖ ಇತ್ತು. ಸೋದರಮಾವ ರಾಮಾಪುರದ ಹತ್ತಿರ ಇದ್ದರು. 1992ರಲ್ಲಿ ವೀರಪ್ಪನ್ ಕಡೆಯವರು ರಾಮಾಪುರ ಪೊಲೀಸ್ ಠಾಣೆ ಮೇಲೆ ದಾಳಿ ಮಾಡಿದ್ದು, ಅದೇ ವರ್ಷ ಮೀಣ್ಯಂ ಕಾಡಲ್ಲಿ ಎಸ್‌ಪಿ ಹರಿಕೃಷ್ಣ, ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹ್ಮದ್ ಅವರನ್ನ ಕೊಂದದ್ದು, ಮರುವರ್ಷ ಪಾಲಾರ್ ಸ್ಫೋಟ. ಸಂಜೆ ಆದ್ರೆ ರಸ್ತೆಯಲ್ಲಿ ನರಪಿಳ್ಳೆ ಇಲ್ಲ. ಆ ಕಡೆಯವರ ಭಯ ಒಂದು, ವಿಚಾರಣೆ ಅಂತ ಕರ್ಕೊಂಡು ಹೋಗ್ತಾರಲ್ಲ ಅನ್ನೋ ಭಯ ಇನ್ನೊಂದು. ಮಾವನ ಮನೆಗೆ ರಜೆಗೆ ಹೋದರೆ ಆರು ಗಂಟೆಗೆ ಬಾಗಿಲು ಹಾಕಿ, ಚಿಮಣಿ ದೀಪದಲ್ಲಿ ಮಾವ ಓದ್ತಿದ್ದದ್ದು ಏನಂದ್ಕೊಂಡ್ರಿ? ಪತ್ತೇದಾರಿ ಕಾದಂಬರಿ.

"ಹೊರಗೆ ಅಷ್ಟು ನಡೀತಿರುವಾಗ ಇದನ್ನ ಹೆಂಗೆ ಓದ್ತೀರ ಮಾವ?" ಅಂತ ಕೇಳಿದ್ದೆ. "ಪುರುಷೋತ್ತಮ ಆಗಿದ್ರೆ ನೂರಿಪ್ಪತ್ತು ಪುಟದಲ್ಲಿ ಹಿಡ್ದು ಹಾಕ್ಬುಡೋನು ಕನವ್ವ" ಅಂದರು. ನಕ್ಕೊಂಡೇ ಅಂದರು. ಕಾಡಿನ ಆ ಕತೆ ಮುಗಿದದ್ದು 2004ರ ಅಕ್ಟೋಬರಿನಲ್ಲಿ. ಅಷ್ಟೊತ್ತಿಗೆ ಮಾವ ಇರಲಿಲ್ಲ. ತಪ್ಪು ಮಾಡಿದೋನೇ ಸಿಕ್ಕಿಬೀಳ್ತಾನೆ, ಮಾಡದೇ ಇರೋನು ಕೊನೇ ಪುಟದಲ್ಲಿ ಮನೆಗೆ ಹೋಗ್ತಾನೆ. ಆ ಊರಲ್ಲಿ, ಆ ವರ್ಷಗಳಲ್ಲಿ, ಇದು ಪುಸ್ತಕದಲ್ಲಿ ಮಾತ್ರ ಸಿಗ್ತಿತ್ತು.

(6/7)
ನರಸಿಂಹಯ್ಯನವರು ಒಬ್ಬರೇ ಅಲ್ಲ, ಒಂದು ತಲೆಮಾರೇ ಇತ್ತು. ನವೆಂಬರ್ ಒಂದಕ್ಕೆ ನೀವು ಬೈಕಿಗೆ ಕಟ್ಕೊಳ್ಳೋ ಹಳದಿ ಕೆಂಪು ಬಾವುಟ ಇದೆಯಲ್ಲ, ಅದನ್ನ ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ಕನ್ನಡ ಚಳವಳಿಯವರು ಅಂತ ಅವರ ಫೋಟೊಗೆ ಹಾರ ಹಾಕ್ತೀವಿ. ಬರೆದ ರಾಶಿ ಪುಸ್ತಕದಲ್ಲಿ ಒಂದರ ಹೆಸರು ಹೇಳಿ ಅಂದ್ರೆ ತಲೆ ಕೆರ್ಕೋತೀವಿ. ಟಿ.ಕೆ. ರಾಮರಾವ್ ಅವರದ್ದು ಇನ್ನೊಂದು ದಾರಿ. ಪತ್ತೇದಾರಿಯನ್ನೂ ಬರೆದರು, ಸಾಮಾಜಿಕವನ್ನೂ ಬರೆದರು. ಅದರಲ್ಲೊಂದು 'ಬಂಗಾರದ ಮನುಷ್ಯ'. 1972ರಲ್ಲಿ ಸಿನಿಮಾ ಆಗಿ ನಮ್ಮ ಪಕ್ಕದ ಗಾಜನೂರಿನ ಅಣ್ಣಾವ್ರನ್ನ ಮನೆಮನೆಯ ರಾಜೀವಪ್ಪ ಮಾಡ್ತು. ಆ ಸಿನಿಮಾ ನೋಡಿ ಬೇಸಾಯಕ್ಕೆ ವಾಪಸ್ ಬಂದೆ ಅನ್ನೋರು ನಮ್ಮ ಕಡೆ ಈಗಲೂ ಸಿಗ್ತಾರೆ. ಕತೆ ಬರೆದೋರು ಯಾರು ಅಂತ ಕೇಳಿ ನೋಡಿ.

'ಪತ್ತೇದಾರ ಪುರುಷೋತ್ತಮ' ಬಂದ ಕಾಲಕ್ಕೆ ಕೊಳ್ಳೇಗಾಲ ಇನ್ನೂ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು, 1956ರಲ್ಲಿ ಈ ಕಡೆ ಬಂದೆವು. ಅದೇ ಕೊಯಮತ್ತೂರಿನಲ್ಲಿ ರಾಜೇಶ್ ಕುಮಾರ್ ಅಂತ ಒಬ್ಬರಿದ್ದಾರೆ, ತಮಿಳಿನಲ್ಲಿ 1500ಕ್ಕೂ ಹೆಚ್ಚು ಕಾದಂಬರಿ ಬರೆದವರು. ಬಸ್ ಸ್ಟ್ಯಾಂಡ್ ಅಂಗಡಿಯಲ್ಲಿ ನೇತಾಡೋ ಪುಸ್ತಕಗಳು. ಚೆನ್ನೈನ ಬ್ಲಾಫ್ಟ್ ಅನ್ನೋ ಪ್ರಕಾಶನದವರು 2008ರಲ್ಲಿ ಅವರದ್ದೂ ಇತರರದ್ದೂ ಆಯ್ದು ಇಂಗ್ಲಿಷಿಗೆ ತಂದು, ದೊಡ್ಡ ಅಂಗಡಿಗಳಲ್ಲಿ ಇಟ್ಟರು. ಫ್ರೆಂಚಿನಲ್ಲಿ ಬರೀತಿದ್ದ ಜಾರ್ಜ್ ಸಿಮೆನಾನ್ ಕೂಡ ಹೀಗೇ ವಾರಗಟ್ಟಲೆ ಕೂತು ನೂರಾರು ಕಾದಂಬರಿ ಇಳಿಸಿದವರು, 75 ಕಾದಂಬರಿಯಲ್ಲಿ ಒಬ್ಬನೇ ಪತ್ತೇದಾರ, ಮೇಗ್ರೆ. 2003ರಲ್ಲಿ ಫ್ರಾನ್ಸಿನವರು ಅವರ ಕಾದಂಬರಿಗಳನ್ನ ತಮ್ಮ ಅತ್ಯಂತ ಮರ್ಯಾದೆಯ ಗ್ರಂಥಮಾಲೆಗೆ ಸೇರಿಸಿಕೊಂಡರು.

ನರಸಿಂಹಯ್ಯನವರು ಸಿಮೆನಾನ್ ಅಂತ ನಾನು ಹೇಳ್ತಿಲ್ಲ. ಅಲ್ಲ ಅವರು. ಹೋಲಿಸೋಕಾದ್ರೂ ಪುಸ್ತಕ ಕೈಗೆ ಸಿಗಬೇಕಲ್ಲ ಅಂತ ಹೇಳ್ತಿದೀನಿ.

(7/7)
ಹೋದ ವಾರ ಒಂದು ಗ್ರಂಥಾಲಯಕ್ಕೆ ಹೋಗಿ ಕೇಳಿದೆ. ಯಾವೂರು ಅಂತ ಬೇಡ. "ಪತ್ತೇದಾರಿ ಇತ್ತು ಮೇಡಂ, ತುಂಬಾ ಓಡಿ ಓಡಿ ಹರಿದೋಯ್ತು, ತೂಕಕ್ಕೆ ಹಾಕ್ಬುಟ್ವಿ" ಅಂದರು. ಯೋಚನೆ ಮಾಡಿ. ಯಾರೂ ಮುಟ್ಟದ ಪುಸ್ತಕ ಹೊಸದಾಗಿ ಕಪಾಟಲ್ಲಿದೆ, ಎಲ್ಲರೂ ಓದಿದ ಪುಸ್ತಕ ರದ್ದಿಗೆ ಹೋಗಿದೆ. ಅವರನ್ನ ಬೈಯೋಕೂ ಮನಸ್ಸು ಬರಲಿಲ್ಲ. ಅಗ್ಗದ ನ್ಯೂಸ್‌ಪ್ರಿಂಟು, ಪಿನ್ನು ಹೊಡೆದ ಬೈಂಡು, ನಾಲ್ಕೈದು ವರ್ಷಕ್ಕೆ ಪುಡಿಪುಡಿ.

ಪ್ರಕಟವಾದ ಪ್ರತಿ ಪುಸ್ತಕವನ್ನೂ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ, ಚೆನ್ನೈನ ಕನ್ನೆಮಾರ ಗ್ರಂಥಾಲಯಕ್ಕೆ ಕಳಿಸಬೇಕು ಅಂತ 1954ರಿಂದಲೇ ಕಾನೂನಿದೆ. ತಿಂಗಳಿಗೆ ನಾಲ್ಕು ಕಾದಂಬರಿ ಅಚ್ಚು ಹಾಕಿ ಬಸ್ಸಿಗೆ ಹೇರೋ ಸಣ್ಣ ಪ್ರಕಾಶಕರು ಅಂಚೆ ಖರ್ಚು ಹಾಕಿ ಎಷ್ಟು ಕಳಿಸಿರ್ತಾರೆ ಅನ್ನೋದು ನನ್ನ ಅನುಮಾನ. ಉಳಿದಿದ್ದರೆ ನಮ್ಮ ನಿಮ್ಮ ಅಟ್ಟದಲ್ಲೇ ಉಳಿದಿರಬೇಕು.

ಇನ್ನೊಂದು ಲೆಕ್ಕ ಇದೆ. ಬರೆದವರು ತೀರಿಕೊಂಡು 60 ವರ್ಷ ಆದರೆ ಅವರ ಪುಸ್ತಕ ಯಾರು ಬೇಕಾದರೂ ಅಚ್ಚು ಹಾಕಬಹುದು, ನೆಟ್ಟಿಗೆ ಏರಿಸಬಹುದು. ರಾಮಮೂರ್ತಿಯವರು ಹೋದದ್ದು 1967ರಲ್ಲಿ. ಅಂದರೆ 2028ರ ಜನವರಿಗೆ ಅವರ ಪುಸ್ತಕಗಳು ಎಲ್ಲರವೂ ಆಗ್ತವೆ. ಟಿ.ಕೆ. ರಾಮರಾವ್ 1988ರಲ್ಲಿ ಹೋದರು, ಅವರವು 2049ಕ್ಕೆ. ನರಸಿಂಹಯ್ಯನವರ ಪುಸ್ತಕಗಳಿಗೆ 2072ರ ತನಕ ಕಾಯಬೇಕು. ಅಷ್ಟೊತ್ತಿಗೆ ಈ ಕಾಗದ ಇರುತ್ತಾ? ಅಪ್ಪನ ಪುಸ್ತಕವನ್ನ ಫೋಟೊ ತೆಗೆಯೋಕೆ ಅಂತ ಬಿಡಿಸಿದಾಗಲೇ ಎರಡು ಪುಟದ ಅಂಚು ಮುರೀತು. ಕಾಗದ ಮುರಿಯೋದು ಅಂತ ಇರುತ್ತೆ ಅಂತ ಆವತ್ತೇ ನೋಡಿದ್ದು.

ಅದಕ್ಕೇ ಕೇಳ್ತಿರೋದು. ಅಟ್ಟ, ಟ್ರಂಕು, ತಾತನ ಬೀರು, ಎಲ್ಲಾದರೂ ಇಂಥ ಪುಸ್ತಕ ಕಂಡರೆ ತೂಕಕ್ಕೆ ಹಾಕ್ಬೇಡಿ. ಬಿಸಿಲಿಗೆ ಇಡಬೇಡಿ, ಸೆಲೋಟೇಪ್ ಅಂಟಿಸಬೇಡಿ. ಬಿಳಿ ಬಟ್ಟೆಯಲ್ಲಿ ಸುತ್ತಿ, ನಾಲ್ಕು ಒಣಗಿದ ಬೇವಿನ ಎಲೆ ಹಾಕಿ ಎತ್ತಿಡಿ. ರಟ್ಟಿನದ್ದು, ಹೆಸರಿನ ಪುಟದ್ದು, ಇಸವಿ ಇದ್ದರೆ ಅದರದ್ದು ಒಂದೊಂದು ಫೋಟೊ ತೆಗೆದು ನನಗೆ ಕಳಿಸಿ. ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಕಡೆ ಯಾವ ಮನೆಯಲ್ಲಿ ಏನಿದೆ ಅಂತ ಒಂದು ಪಟ್ಟಿ ಮಾಡೋಣ. ಸದ್ಯಕ್ಕೆ ಪಟ್ಟಿ ಸಾಕು. ಐನೂರಕ್ಕೂ ಹೆಚ್ಚು ಬರೆದವರ ಪುಸ್ತಕ ಮೂರು ತಾಲ್ಲೂಕಲ್ಲಿ ಸೇರಿ ಐವತ್ತಾದರೂ ಸಿಗುತ್ತಾ ನೋಡೋಣ. ಸ್ಕ್ಯಾನು, ಹಕ್ಕುದಾರರ ಒಪ್ಪಿಗೆ ಎಲ್ಲಾ ಆಮೇಲಿನ ಮಾತು.

ಕೊನೇ ಫೋಟೊ, 96ನೇ ಪುಟ. ಅಕ್ಷರ ಮಾಸಿದೆ, ದೊಡ್ಡದು ಮಾಡಿ ನೋಡಿ. ಈ ಪುಟ ಇರೋ ಪುಸ್ತಕ, ರಟ್ಟಿನ ಸಮೇತ ಅಲ್ಲದಿದ್ದರೂ ಕೊನೇ ಹದಿನಾರು ಪುಟದ ಸಮೇತ, ಯಾರ ಮನೆಯಲ್ಲಾದರೂ ಇದ್ದರೆ ಕಮೆಂಟಲ್ಲಿ ಒಂದು ಮಾತು ಹೇಳಿ. ನಾನೇ ಬಸ್ ಹತ್ತಿ ಬರ್ತೀನಿ. ಅಪ್ಪನಿಗೆ ಈಗ ಕಣ್ಣು ಸರಿಯಾಗಿ ಕಾಣಲ್ಲ, ಮತ್ತೆ ನಾನೇ ಓದಿ ಹೇಳಬೇಕು. ದಿನಾ ಸಂಜೆ ಕೇಳ್ತಿದ್ದಾರೆ, "ಯಾರಾದ್ರೂ ಕಳ್ಸುದ್ರಾ ಕೂಸೇ?" ಅಂತ.

#ಕೊಳ್ಳೇಗಾಲ #ಹನೂರು #ಯಳಂದೂರು #ಪತ್ತೇದಾರಿಕಾದಂಬರಿ #ಎನ್ನರಸಿಂಹಯ್ಯ #ಅಟ್ಟದಪುಸ್ತಕ